ಗೃಹಸ್ಥರ ವಿಚಾರ: ಬೆಂಕಿಯನ್ನಾರಿಸುವ ಉದ್ಯೋಗವೂ ಸ್ತ್ರೀಯರೂ

ಬೆಂಕಿಯೊಡನೆ ದಿನವೂ ವ್ಯವಹರಿಸುವವರು ಯಾರೆಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಒಂದೇ ಉತ್ತರ ಬಂದೀತು. ಮುಂಜಾವದಲ್ಲಿ ಒಲೆ ಹೊತ್ತಿಸುವವಳು ಹೆಣ್ಣು. ರಾತ್ರಿ ಕೆಂಡವನ್ನು ಬೂದಿಯಿಂದ ಮುಚ್ಚಿ, ಇಲ್ಲವೆ ಗ್ಯಾಸಿನ ಕೀಲಿಯನ್ನು ತಿರುಗಿಸಿ, ಎಲ್ಲವೂ ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ ಮಲಗುವವಳೂ ಹೆಣ್ಣೇ. ಬಾಣಲೆಯ ಎಣ್ಣೆ ಹದ ಮೀರುತ್ತಿರುವುದನ್ನು ವಾಸನೆಯಿಂದಲೇ ತಿಳಿಯಬಲ್ಲವಳು ಅವಳು. ಆದರೆ ಅದೇ ಬೆಂಕಿ ಒಲೆಯನ್ನು ಮೀರಿ ಮಾಡಿಗೆ ಹತ್ತಿದಾಗ, ಕೂಗು ಹಾಕುತ್ತ ಬೀದಿಗೆ ಬಂದು ನಿಲ್ಲುವ ಕೆಂಪು ಬಂಡಿಯಿಂದ ಇಳಿಯುವವರು ಬಹುಮಟ್ಟಿಗೆ ಗಂಡಸರು. ಇಂಗ್ಲಿಷಿನ ಫೈರ್‌ಮನ್ ಎಂಬ ಹಳೆಯ ಹೆಸರಿನಲ್ಲಿಯೇ ಗಂಡಸು ಕುಳಿತಿದ್ದಾನೆ. ಬಹುಕಾಲ ನಡೆದು ಬಂದ ರೂಢಿಯನ್ನು ಪ್ರಕೃತಿಯ ನಿಯಮವೆಂದು ಭ್ರಮಿಸುವುದು ಮನುಷ್ಯರ ಸ್ವಭಾವವಾದ ಕಾರಣ, ಈ ಕೆಲಸ ಹೆಣ್ಣಿಗೆ ಸಲ್ಲತಕ್ಕದ್ದೇ ಅಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ.

ಈ ತಿಂಗಳು ಆ ನಂಬಿಕೆಯನ್ನು ಕುರಿತು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ. ಇದು ದೂರದೇಶದ ವಾರ್ತೆಯಾಗಿ ಉಳಿದಿಲ್ಲ. ನಮ್ಮ ದೇಶದ ಹಲವು ಕಡೆಗಳಲ್ಲಿ ಅಗ್ನಿಶಾಮಕ ದಳದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದೆ. ವಿದ್ಯಾವತಿಯಾದ ಮಗಳು ಒಂದು ದಿನ ಅರ್ಜಿಯ ಕಾಗದವನ್ನು ತಂದು ತಂದೆಯ ಮುಂದಿಟ್ಟರೆ ಅವನು ಏನು ಹೇಳಬೇಕು? ತಾಯಿ ಏನು ಹೇಳಬೇಕು? ಆ ದಿನ ಬಂದಾಗ ಯೋಚಿಸಿದರಾಯಿತೆಂಬುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಮೊದಲಿಗೆ ಚರಿತ್ರೆಯನ್ನು ನೋಡೋಣ. ಬೆಂಕಿಯನ್ನಾರಿಸುವ ಕೆಲಸದಲ್ಲಿ ಸ್ತ್ರೀಯರು ಹೊಸಬರೆಂಬ ಮಾತು ಪೂರ್ತಿಯಾಗಿ ನಿಜವಲ್ಲ. ಕೈ ಸಾಲದೆ ಬಂದ ಆಪತ್ಕಾಲದಲ್ಲಿ ಅವರನ್ನು ಕರೆದುದುಂಟು. ಅವರು ಬಂದು ದುಡಿದುದೂ ಉಂಟು. ಅವರಿಗೆ ದೊರೆಯದೆ ಹೋದುದು ಕೆಲಸವಲ್ಲ. ಕೆಲಸದ ಹೆಸರು, ಸಂಬಳ, ಕ್ರಮವಾದ ಶಿಕ್ಷಣ. ಕೆಲಸಕ್ಕೆ ಕರೆಯಬೇಡಿ, ಊಟಕ್ಕೆ ಮರೆಯಬೇಡಿ ಎಂದು ಸೋಮಾರಿಯ ಮಾತೊಂದು ನಮ್ಮಲ್ಲಿದೆ. ಈ ವಿಷಯದಲ್ಲಿ ಸ್ತ್ರೀಯರ ಪಾಲಿಗೆ ಬಂದುದು ಅದರ ತಲೆಕೆಳಗು: ಕೆಲಸಕ್ಕೆ ಕರೆದರು, ಊಟಕ್ಕೆ ಮರೆತರು.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಾಲಿ ವಿಲಿಯಮ್ಸ್ ಎಂಬ ಕರಿಯ ಜನಾಂಗದ ಹೆಂಗಸು ಒಬ್ಬ ವರ್ತಕನ ಮನೆಯಲ್ಲಿ ದಾಸಿಯಾಗಿದ್ದಳು. ಅವಳ ಒಡೆಯನು ಓಷಿಯಾನಸ್ ಎಂಬ ಹನ್ನೊಂದನೆಯ ಸಂಖ್ಯೆಯ ದಳಕ್ಕೆ ಸೇರಿದ್ದವನು. ಆ ಕಾಲದಲ್ಲಿ ಬೆಂಕಿಯನ್ನಾರಿಸುವ ಯಂತ್ರವೆಂದರೆ ಹಗ್ಗ ಕಟ್ಟಿ ಮನುಷ್ಯರೇ ಎಳೆದೊಯ್ದು, ಕೈಯಿಂದಲೇ ಒತ್ತಿ ನೀರು ಚಿಮ್ಮಿಸುವ ಪಂಪು. 1818ರ ಹಿಮಪಾತದ ಕಾಲದಲ್ಲಿ ದಳದ ಗಂಡಸರಲ್ಲಿ ಅನೇಕರು ಕಾಯಿಲೆಯಿಂದ ಮಲಗಿದ್ದಾಗ, ಅಡಿಗೆಯ ಮೇಲುಡುಪನ್ನು ಕಟ್ಟಿಕೊಂಡೇ ಮಾಲಿಯು ಹಗ್ಗಕ್ಕೆ ಕೈಹಾಕಿ ಹಿಮದಲ್ಲಿ ಯಂತ್ರವನ್ನು ಎಳೆದಳೆಂದು ಆ ನಗರದ ದಳಗಳ ಹಳೆಯ ಕಥನಗಳು ಹೇಳುತ್ತವೆ. ದಳದವರು ಅವಳನ್ನು ತಮ್ಮವಳೆಂದು ಹೊಗಳಿದರು. ಆದರೆ ದಾಸಿಯ ದುಡಿಮೆಗೆ ಸಂಬಳವೆಲ್ಲಿಯದು?

ಅದೇ ದೇಶದ ಇನ್ನೊಂದು ಅಂಚಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಸಿರಿವಂತರ ಮಗಳೊಬ್ಬಳಿದ್ದಳು. ಅವಳ ಹೆಸರು ಲಿಲ್ಲಿ ಹಿಚ್ಕಾಕ್. ಸುಮಾರು ಹದಿನೈದು ವರ್ಷದ ಹುಡುಗಿಯಾಗಿದ್ದಾಗ, ನಿಕರ್‌ಬಾಕರ್ ಎಂಬ ಐದನೆಯ ದಳದವರು ಜನ ಸಾಲದೆ ಗುಡ್ಡದ ಏರಿನಲ್ಲಿ ಯಂತ್ರವನ್ನು ಎಳೆಯಲಾರದೆ ಒದ್ದಾಡುತ್ತಿದ್ದುದನ್ನು ಕಂಡು, ಪುಸ್ತಕಗಳನ್ನು ಕೆಳಗೆಸೆದು ತಾನೂ ಹಗ್ಗ ಹಿಡಿದಳೆಂದು ಪ್ರತೀತಿ. 1863ರಲ್ಲಿ ಆ ದಳವು ಅವಳನ್ನು ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತು. ಮುಂದೆ ಲಿಲ್ಲಿ ಕಾಯ್ಟ್ ಎಂದು ಹೆಸರಾದ ಆಕೆ 1929ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಹಣದಿಂದ ಆ ನಗರದ ಗುಡ್ಡದ ಮೇಲೆ 1933ರಲ್ಲಿ ಕಟ್ಟಿದ ಕಾಯ್ಟ್ ಗೋಪುರವನ್ನು ಇಂದಿಗೂ ಯಾತ್ರಿಕರು ನೋಡಿ ಬರುತ್ತಾರೆ. ದಾಸಿಗೆ ಹೊಗಳಿಕೆ ದೊರೆಯಿತು, ಸಿರಿವಂತೆಗೆ ಗೌರವಪದವಿ ದೊರೆಯಿತು. ಇಬ್ಬರಲ್ಲಿ ಒಬ್ಬಳಿಗಾದರೂ ಅದು ಉದ್ಯೋಗವಾಗಿರಲಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್ ಬಳಿಯಲ್ಲಿರುವ ಗರ್ಟನ್ ಕಾಲೇಜು ಹೆಣ್ಣುಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕಾಗಿ ಹುಟ್ಟಿದ ಸಂಸ್ಥೆ. ಅಲ್ಲಿಯ ವಿದ್ಯಾರ್ಥಿನಿಯರು 1878ರಲ್ಲಿ ತಮ್ಮದೇ ಆದ ಅಗ್ನಿಶಾಮಕ ದಳವನ್ನು ಕಟ್ಟಿಕೊಂಡರು. ಊರಿನಿಂದ ದೂರದಲ್ಲಿದ್ದ ಆ ಕಟ್ಟಡಕ್ಕೆ ಬೆಂಕಿ ಹತ್ತಿದರೆ ನಗರದ ದಳ ಬರುವವರೆಗೆ ಕಾದು ಕೂರುವುದು ಸಾಧ್ಯವಿರಲಿಲ್ಲ. ನೆಲ ಗುಡಿಸುವ ಉದ್ದುಡುಪಿನ ಕಾಲವದು. ಆ ಉಡುಪಿನ ತರುಣಿಯರು ಸಾಲುಗಟ್ಟಿ ನಿಂತು ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನೂ ಪಂಪು ಒತ್ತುವುದನ್ನೂ ಕ್ರಮವಾಗಿ ಅಭ್ಯಾಸಮಾಡಿದರು. 1932ರವರೆಗೂ, ಎಂದರೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ, ಆ ದಳ ನಡೆಯಿತು.

ಬಳಿಕ ಎರಡನೆಯ ಮಹಾಯುದ್ಧ ಬಂದಿತು. ಯುದ್ಧದ ಮುನ್ಸೂಚನೆಯಿಂದ ಬ್ರಿಟನ್ನಿನ ಸರಕಾರವು 1938ರಲ್ಲಿ ಸಹಾಯಕ ಅಗ್ನಿಶಾಮಕ ಸೇವೆಯೊಂದನ್ನು ಏರ್ಪಡಿಸಿ, ಸ್ತ್ರೀಯರನ್ನೂ ಅದಕ್ಕೆ ಕರೆಯಿತು. 1940ರ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ಐವತ್ತೇಳು ರಾತ್ರಿಗಳ ಕಾಲ ಎಡೆಬಿಡದೆ ಬಾಂಬುಗಳು ಬಿದ್ದುವು. ಆ ರಾತ್ರಿಗಳಲ್ಲಿ ಟೆಲಿಫೋನಿನ ಮುಂದೆ ಕುಳಿತು, ಎಲ್ಲಿ ಬೆಂಕಿ ಎದ್ದಿದೆ, ಎಲ್ಲಿಗೆ ಎಷ್ಟು ಬಂಡಿ ಹೋಗಬೇಕು ಎಂಬುದನ್ನು ಬರೆದುಕೊಂಡು ಕಳುಹಿಸುತ್ತಿದ್ದವರಲ್ಲಿ ಸ್ತ್ರೀಯರು ಬಹುಮಂದಿ. ಟೆಲಿಫೋನಿನ ತಂತಿ ಕಡಿದಾಗ ಮೋಟಾರು ಸೈಕಲ್ಲುಗಳ ಮೇಲೆ ಉರಿಯುವ ಬೀದಿಗಳಲ್ಲಿ ಸಂದೇಶ ಒಯ್ದವರಲ್ಲಿಯೂ ಸ್ತ್ರೀಯರಿದ್ದರು.

ಅವರಲ್ಲಿ ಗಿಲಿಯನ್ ಟ್ಯಾನರ್ ಎಂಬ ತರುಣಿಯ ಕೆಲಸವನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಬೆಂಕಿಗೆ ನೀರು ಚಿಮ್ಮಿಸುವ ಪಂಪುಗಳು ಪೆಟ್ರೋಲಿನಿಂದ ನಡೆಯುತ್ತಿದ್ದುವು. ಪೆಟ್ರೋಲು ಮುಗಿದರೆ ನೀರೂ ನಿಲ್ಲುವುದು. 1940ರ ಸೆಪ್ಟೆಂಬರ್ 20ರಂದು ಲಂಡನ್ನಿನ ಬರ್ಮಂಡ್ಸೆ ಭಾಗದಲ್ಲಿ ಆರು ದೊಡ್ಡ ಬೆಂಕಿಗಳು ಒಟ್ಟಿಗೆ ಉರಿಯುತ್ತಿದ್ದಾಗ, ಆಕೆ 150 ಗ್ಯಾಲನ್ ಪೆಟ್ರೋಲನ್ನು ಡಬ್ಬಿಗಳಲ್ಲಿ ತುಂಬಿದ ಲಾರಿಯನ್ನು ತಾನೇ ನಡೆಸಿಕೊಂಡು, ಮೇಲಿನಿಂದ ಬಾಂಬು ಬೀಳುತ್ತಿದ್ದರೂ ಮೂರು ಗಂಟೆಗಳ ಕಾಲ ಒಂದು ಬೆಂಕಿಯಿಂದ ಇನ್ನೊಂದು ಬೆಂಕಿಗೆ ಓಡಾಡಿದಳು. ಒಂದು ಕಿಡಿ ಸಾಕಾಗಿತ್ತು. ಆ ಸಾಹಸಕ್ಕಾಗಿ ಆಕೆಗೆ ಜಾರ್ಜ್ ಪದಕವನ್ನು ಕೊಟ್ಟರು. ಹೀಗಿದ್ದರೂ, ನೀರಿನ ಕೊಳವೆಯನ್ನು ಕೈಯಲ್ಲಿ ಹಿಡಿದು ಬೆಂಕಿಯ ಮುಂದೆ ನಿಲ್ಲುವ ಕೆಲಸವನ್ನು ಸ್ತ್ರೀಯರಿಗೆ ಸಾಮಾನ್ಯವಾಗಿ ಒಪ್ಪಿಸಲಿಲ್ಲ. ಪೆಟ್ರೋಲನ್ನು ಬೆಂಕಿಯ ಬಳಿಗೆ ಹೊತ್ತು ತರಬಹುದು, ನೀರನ್ನು ಅದರ ಮೇಲೆ ಬಿಡಬಾರದು! ಈ ನ್ಯಾಯದ ತರ್ಕ ನಮಗಂತೂ ತಿಳಿಯಲಿಲ್ಲ.

ಯುದ್ಧ ಮುಗಿಯಿತು. 1948ರಲ್ಲಿ ಬ್ರಿಟನ್ನಿನ ಅಗ್ನಿಶಾಮಕ ಸೇವೆಯು ಮತ್ತೆ ಸ್ಥಳೀಯ ಆಡಳಿತಗಳ ಕೈಗೆ ಹೋದಾಗ, ಬೆಂಕಿಯ ಮುಂದಣ ಸ್ಥಾನಗಳೆಲ್ಲ ಗಂಡಸರವಾಗಿ, ಸ್ತ್ರೀಯರಿಗೆ ಟೆಲಿಫೋನು ಮೊದಲಾದ ಒಳಗಿನ ಕೆಲಸಗಳು ಉಳಿದುವು. ಅಮೆರಿಕದ ವರ್ಜೀನಿಯ ರಾಜ್ಯದ ಆರ್ಲಿಂಗ್ಟನ್ನಿನಲ್ಲಿ 1974ರಲ್ಲಿ ಜೂಡಿತ್ ಲಿವರ್ಸ್ ಎಂಬಾಕೆ ಸಂಬಳದ ಪೂರ್ಣ ನೌಕರಿಗೆ ಸೇರಿದಳು. ಇಂಗ್ಲೆಂಡಿನ ಈಸ್ಟ್ ಸಸೆಕ್ಸ್ ಪ್ರಾಂತದ ದಳಕ್ಕೆ 1976ರಲ್ಲಿ ಮೇರಿ ಜಾಯ್ ಲ್ಯಾಂಗ್ಡನ್ ಎಂಬಾಕೆ ಸೇರಿ, ಆ ದೇಶದಲ್ಲಿ ಕರೆ ಬಂದಾಗ ಬಂಡಿಯೇರಿ ಹೋಗುವ ಮೊದಲ ಸ್ತ್ರೀಯೆನಿಸಿದಳು. ಮಾಲಿ ವಿಲಿಯಮ್ಸ್ ಹಗ್ಗ ಹಿಡಿದ ದಿನದಿಂದ ಇಲ್ಲಿಗೆ ಒಂದೂವರೆ ಶತಮಾನ ಕಳೆದಿತ್ತು.

ಈ ಉದ್ಯೋಗಕ್ಕೆ ಎದುರಾಗಿ ಹಿರಿಯರು ಹೇಳುವ ಮಾತುಗಳು ಮುಖ್ಯವಾಗಿ ಮೂರು. ಮೊದಲನೆಯದು ದೇಹಬಲದ ಮಾತು. ಎರಡನೆಯದು ಗಂಡಸರ ನಡುವೆ ಹಗಲಿರುಳು ಇರಬೇಕಾದ ಸಂಕೋಚದ ಮಾತು. ಮೂರನೆಯದು ಅಪಾಯದ ಮಾತು. ಮೂರೂ ಪ್ರೀತಿಯಿಂದ ಹುಟ್ಟುವಂಥವು. ಆದುದರಿಂದ ಇವನ್ನು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಒಂದೊಂದಾಗಿ ತೂಗಿ ನೋಡುವುದು ಉದ್ದೇಶ.

ದೇಹಬಲದ ವಿಚಾರವು ನ್ಯೂಯಾರ್ಕಿನ ನ್ಯಾಯಾಲಯದಲ್ಲಿಯೇ ಚರ್ಚೆಗೆ ಬಂದುದುಂಟು. ಆ ನಗರವು 1977ರಲ್ಲಿ ದಳದ ಪರೀಕ್ಷೆಗೆ ಸ್ತ್ರೀಯರೂ ಕುಳಿತುಕೊಳ್ಳಬಹುದೆಂದು ಸಾರಿತು. ಅನೇಕ ಸ್ತ್ರೀಯರು ಬರೆವಣಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ದೇಹಪರೀಕ್ಷೆಯಲ್ಲಿ ಮಾತ್ರ ಒಬ್ಬಳೂ ತೇರ್ಗಡೆಯಾಗಲಿಲ್ಲ. ನೋಡಿದಿರಾ, ಹೆಣ್ಣಿನ ಕೈಲಾಗದೆಂದು ನಾವು ಮೊದಲೇ ಹೇಳಿರಲಿಲ್ಲವೆ ಎಂದು ಹಲವರು ಅಂದರು. ಆಗ ಕಾನೂನು ಓದುತ್ತಿದ್ದ ಬ್ರೆಂಡಾ ಬರ್ಕ್‌ಮನ್ ಎಂಬಾಕೆ ಕೇಳಿದ ಪ್ರಶ್ನೆ ಬೇರೆ: ಈ ಪರೀಕ್ಷೆ ಅಳೆಯುವುದು ಬೆಂಕಿಯನ್ನಾರಿಸುವ ಕೆಲಸವನ್ನೋ, ಅಥವಾ ಮತ್ತೇನನ್ನೋ?

ಈ ಪ್ರಶ್ನೆಯ ಹುರುಳನ್ನು ತಿಳಿಯಬೇಕಾದರೆ ಆ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. 63 ಮಿಲಿಮೀಟರ್ ಅಗಲದ, 15 ಮೀಟರ್ ಉದ್ದದ ಒಂದು ಕೊಳವೆಯಲ್ಲಿ ನೀರು ತುಂಬಿದರೆ, ಆ ನೀರೊಂದೇ ಸುಮಾರು 47 ಕಿಲೋಗ್ರಾಂ ತೂಗುತ್ತದೆ. ಅದರ ಬಾಯಿಂದ ಹೊರಬೀಳುವ ನೀರು ಎಷ್ಟು ರಭಸದಿಂದ ಮುಂದೆ ಹೋಗುವುದೋ ಅಷ್ಟೇ ರಭಸದಿಂದ ಹಿಡಿದವರನ್ನು ಹಿಂದಕ್ಕೆ ನೂಕುತ್ತದೆ. ದೊಡ್ಡ ಕೊಳವೆಯನ್ನು ಹಿಡಿಯುವ ಭಾರವನ್ನು ಎಂಥ ಗಟ್ಟಿ ಗಂಡಸಿಗೂ ಒಬ್ಬನಿಗೇ ಬಿಡುವುದಿಲ್ಲ. ಒಬ್ಬರು ಬಾಯನ್ನು ಹಿಡಿದರೆ ಇನ್ನೊಬ್ಬರು ಹಿಂದಿನಿಂದ ಆತುಕೊಳ್ಳುತ್ತಾರೆ. ಏಣಿಯನ್ನು ಎತ್ತುವುದೂ ಹಾಗೆಯೇ ಕೂಡಿ ಮಾಡುವ ಕೆಲಸ. ಇದಲ್ಲದೆ ದಪ್ಪ ಅಂಗಿ, ಲೋಹದ ಟೊಪ್ಪಿಗೆಯಂಥ ಶಿರಸ್ತ್ರಾಣ, ಬೂಟು, ಬೆನ್ನ ಮೇಲೆ ಉಸಿರಾಟದ ಗಾಳಿ ತುಂಬಿದ ಸಿಲಿಂಡರು ಇವುಗಳನ್ನೆಲ್ಲ ಹೊತ್ತು ಮೆಟ್ಟಲು ಹತ್ತಬೇಕು. ಹೊಗೆಯಿಂದ ಕಣ್ಣು ಕಾಣದ ಕೋಣೆಯಲ್ಲಿ ನೆಲಕ್ಕೆ ಹತ್ತಿಕೊಂಡು, ಗೋಡೆಯನ್ನು ತಡವುತ್ತ, ಒಳಗೆ ಸಿಕ್ಕಿಬಿದ್ದವರನ್ನು ಹುಡುಕಬೇಕು. ಸಿಲಿಂಡರಿನ ಗಾಳಿ ಬೇಗ ಮುಗಿಯದಂತೆ ಉಸಿರನ್ನು ಹದವಾಗಿ ಬಿಡಬೇಕು.

ಹೀಗೆ ನೋಡಿದರೆ, ಈ ಕೆಲಸಕ್ಕೆ ಬಲವು ಬೇಕೇ ಬೇಕು. ಬಲದಷ್ಟೇ ದಮ್ಮು ಬೇಕು, ನಿದಾನ ಬೇಕು, ಬುದ್ಧಿ ಕೆಡದಿರುವ ಧೈರ್ಯವೂ ಬೇಕು. ಕೆಲವು ನಿಮಿಷಗಳಲ್ಲಿ ಯಾರು ಹೆಚ್ಚು ರಭಸ ತೋರುವರೆಂಬುದನ್ನಷ್ಟೇ ಅಳೆಯುವ ಪರೀಕ್ಷೆಯು ಈ ಉದ್ಯೋಗಕ್ಕೆ ಬೇಕಾದ ತಾಳಿಕೆಯನ್ನು ಅಳೆಯುವುದಿಲ್ಲ. 1982ರಲ್ಲಿ ನ್ಯಾಯಾಲಯವು ಆ ಪರೀಕ್ಷೆಗೂ ಕೆಲಸಕ್ಕೂ ಸಂಬಂಧವನ್ನು ನಗರದವರು ತೋರಿಸಿಕೊಡಲಿಲ್ಲವೆಂದು ತೀರ್ಪುಕೊಟ್ಟು, ಬೇರೆ ಪರೀಕ್ಷೆಯನ್ನು ಏರ್ಪಡಿಸಬೇಕೆಂದು ಆಜ್ಞಾಪಿಸಿತು. ಆ ವರ್ಷವೇ ಸುಮಾರು ನಲವತ್ತು ಮಂದಿ ಸ್ತ್ರೀಯರು ದಳಕ್ಕೆ ಸೇರಿದರು. ಸೇರಿದ ಮೇಲೆ ಸುಖವೇನೂ ಕಾದಿರಲಿಲ್ಲ. ಜೊತೆಗಾರರಲ್ಲಿ ಹಲವರು ಅವರೊಡನೆ ಮಾತುಬಿಟ್ಟರು. ಬರ್ಕ್‌ಮನ್ನಳನ್ನು ಪರೀಕ್ಷಾಕಾಲದ ಕೊನೆಯಲ್ಲಿ ಕೆಲಸದಿಂದ ತೆಗೆದೂಬಿಟ್ಟರು. ಆಕೆ ಮತ್ತೆ ನ್ಯಾಯಾಲಯಕ್ಕೆ ಹೋಗಿ ಗೆದ್ದು ಕೆಲಸಕ್ಕೆ ಮರಳಿದಳು. 2001ರ ಸೆಪ್ಟೆಂಬರ್ 11ರಂದು ಆ ನಗರದ ಜೋಡಿ ಗೋಪುರಗಳು ಉರುಳಿದಾಗ ಅಲ್ಲಿಗೆ ಧಾವಿಸಿದವರಲ್ಲಿ ಆಕೆಯೂ ಒಬ್ಬಳು. 2006ರಲ್ಲಿ ಕ್ಯಾಪ್ಟನ್ ಪದವಿಯಿಂದ ನಿವೃತ್ತಳಾದಳು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಹೆಣ್ಣೆಂದು ಪರೀಕ್ಷೆಯನ್ನು ಸಡಿಲಿಸತಕ್ಕದ್ದಲ್ಲ. ಮೂರನೆಯ ಮಹಡಿಯಲ್ಲಿ ಸಿಕ್ಕಿಬಿದ್ದ ಮಗುವಿಗೆ ಮೇಲೆ ಹತ್ತಿ ಬಂದವರು ಗಂಡೋ ಹೆಣ್ಣೋ ಎಂಬುದು ಮುಖ್ಯವಲ್ಲ. ಎತ್ತಿಕೊಂಡು ಇಳಿಯಬಲ್ಲರೋ ಇಲ್ಲವೋ ಎಂಬುದೇ ಮುಖ್ಯ. ಆದರೆ ಅಳತೆಯು ಕೆಲಸದ ಅಳತೆಯಾಗಿರಬೇಕು. ಅಂಥ ಅಳತೆಯಲ್ಲಿ ಎಲ್ಲ ಹೆಂಗಸರೂ ಗೆಲ್ಲಲಾರರು. ಎಲ್ಲ ಗಂಡಸರೂ ಗೆಲ್ಲಲಾರರು. ಗೆದ್ದವಳನ್ನು ತಡೆಯಲು ಆಮೇಲೆ ಯಾರಿಗೂ ಕಾರಣವಿರುವುದಿಲ್ಲ.

ಎರಡನೆಯದು ಸಂಕೋಚದ ಮಾತು. ಅಗ್ನಿಶಾಮಕ ಠಾಣೆಯೆಂದರೆ ಕಚೇರಿಯಂತೆ ಹತ್ತಕ್ಕೆ ಹೋಗಿ ಐದಕ್ಕೆ ಬರುವ ಸ್ಥಳವಲ್ಲ. ಪಾಳಿಯ ಮೇಲೆ ಅಲ್ಲಿಯೇ ಇದ್ದು, ಅಲ್ಲಿಯೇ ಉಂಡು, ಗಂಟೆ ಹೊಡೆದ ಕೂಡಲೆ ಹೊರಡಬೇಕು. ಹಳೆಯ ಠಾಣೆಗಳನ್ನು ಕಟ್ಟಿದಾಗ ಹೆಣ್ಣೊಬ್ಬಳು ಅಲ್ಲಿ ಬಂದಾಳೆಂದು ಯಾರೂ ಎಣಿಸಿರಲಿಲ್ಲ. ಅವಳಿಗೆ ಬೇಕಾದ ಸ್ನಾನದ ಮನೆಯಾಗಲಿ ಮಲಗುವ ಕೋಣೆಯಾಗಲಿ ಅಂಥಲ್ಲಿ ಇರಲಿಲ್ಲ. ಅಂಗಿ, ಬೂಟು, ಕೈಗವಸುಗಳನ್ನೂ ಗಂಡಸಿನ ಮೈಯ ಅಳತೆಗೇ ಹೊಲಿದಿದ್ದರು. ಸಡಿಲವಾದ ಕೈಗವಸಿನಿಂದ ಏಣಿಯ ಮೆಟ್ಟಲನ್ನು ಹಿಡಿಯುವುದು ಅಪಾಯವೇ. ಇವೆಲ್ಲ ನಿಜವಾದ ತೊಡಕುಗಳು. ಆದರೆ ಇವು ಹೆಣ್ಣಿನ ಕೊರತೆಗಳಲ್ಲ, ಕಟ್ಟಡದ ಮತ್ತು ದರ್ಜಿಯ ಕೊರತೆಗಳು. ಗೋಡೆ ಕಟ್ಟಿದರೆ, ಬಟ್ಟೆ ಹೊಲಿದರೆ ತೀರುತ್ತವೆ.

ನಮ್ಮ ದೇಶದ ಉದಾಹರಣೆಯೊಂದನ್ನು ನೋಡಿ. ಅಗ್ನಿಶಾಮಕ ಅಧಿಕಾರಿಗಳಿಗೆ ಶಿಕ್ಷಣ ಕೊಡುವ ರಾಷ್ಟ್ರೀಯ ಅಗ್ನಿಸೇವಾ ಕಾಲೇಜು 1956ರಲ್ಲಿ ರಾಮಪುರದಲ್ಲಿ ಹುಟ್ಟಿ, ಮರುವರ್ಷ ನಾಗಪುರಕ್ಕೆ ಬಂದಿತು. ನಾಲ್ಕು ದಶಕಗಳಿಗೂ ಮೀರಿ ಆ ಕಾಲೇಜಿನ ಬಾಗಿಲೊಳಗೆ ವಿದ್ಯಾರ್ಥಿನಿಯೊಬ್ಬಳು ಕಾಲಿಟ್ಟಿರಲಿಲ್ಲ. 2002ರಲ್ಲಿ ನಾಗಪುರದವರೇ ಆದ ಹರ್ಷಿಣಿ ಕಾನ್ಹೇಕರ್ ಎಂಬ ತರುಣಿ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಲ್ಲಿಗೆ ಸೇರಿದರು. ಅವರು ಮೊದಲು ಎನ್.ಸಿ.ಸಿ.ಯಲ್ಲಿದ್ದವರು, ಸಮವಸ್ತ್ರದ ಮೇಲೆ ಅಭಿಮಾನವುಳ್ಳವರು. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ವಸತಿಯಿಲ್ಲದ್ದರಿಂದ ಮನೆಯಿಂದಲೇ ಬಂದು ಹೋಗಲು ಅವರಿಗೆ ಅನುಮತಿ ದೊರೆಯಿತು. ಗಂಡುಹುಡುಗರು ಮಾಡಿದ ಕವಾಯತನ್ನೇ ಅವರೂ ಮಾಡಿದರು. ಅವರು ಎಳೆದ ಕೊಳವೆಯನ್ನೇ ಇವರೂ ಎಳೆದರು. ಶಿಕ್ಷಣ ಮುಗಿಸಿ 2006ರಲ್ಲಿ ಓ.ಎನ್.ಜಿ.ಸಿ. ಎಂದು ಹೆಸರಾದ ತೈಲ ನಿಗಮದಲ್ಲಿ ಅಗ್ನಿ ಇಂಜಿನಿಯರಾಗಿ ಕೆಲಸಕ್ಕೆ ಸೇರಿದರು. ತೈಲದ ಬಾವಿಗಳಿರುವಲ್ಲಿ ಬೆಂಕಿಯನ್ನು ಕಾಯುವುದೆಂದರೆ ಏನೆಂಬುದನ್ನು ಒಲೆಯ ಮುಂದೆ ಕುಳಿತವರೆಲ್ಲರೂ ಊಹಿಸಬಲ್ಲರು. ವಸತಿಯಿಲ್ಲವೆಂಬ ಒಂದೇ ನೆವದಿಂದ ಅವರನ್ನು ಹಿಂದಕ್ಕೆ ಕಳುಹಿಸಿದ್ದರೆ, ನಷ್ಟ ಯಾರದಾಗುತ್ತಿತ್ತು?

ಅವರ ಬಳಿಕ ದಾರಿ ಅಗಲವಾಯಿತು. ಮುಂಬಯಿಯ ದಳವು 2012ರಲ್ಲಿ ಸ್ತ್ರೀಯರನ್ನು ಸೇರಿಸಿಕೊಂಡಿತು. ವಿಮಾನ ನಿಲ್ದಾಣಗಳ ಪ್ರಾಧಿಕಾರದ ಅಗ್ನಿಶಾಮಕ ಸೇವೆಗೆ 2018ರಲ್ಲಿ ಕೋಲ್ಕತ್ತದ ತಾನಿಯಾ ಸನ್ಯಾಲ್ ಮೊದಲ ಸ್ತ್ರೀಯಾಗಿ ಸೇರಿದರು. ಆಸ್ಪತ್ರೆಯ ದಾದಿಯರು ರಾತ್ರಿಯೆಲ್ಲ ಎಚ್ಚರವಿದ್ದು ಪರರ ಪ್ರಾಣ ಕಾಯುವುದನ್ನು ನಾವು ಬಹುಕಾಲದಿಂದ ಒಪ್ಪಿ ಗೌರವಿಸಿದ್ದೇವೆ. ಒಂದು ಕಾಲದಲ್ಲಿ ಅದನ್ನೂ ಮರ್ಯಾದಸ್ಥರ ಮನೆಯವರಿಗೆ ತಕ್ಕುದಲ್ಲವೆಂದವರಿದ್ದರು.

ಮೂರನೆಯದು ಅಪಾಯದ ಮಾತು. ಇದಕ್ಕೆ ನಾವು ಸುಲಭವಾದ ಸಮಾಧಾನವನ್ನು ಹೇಳಲಾರೆವು, ಏಕೆಂದರೆ ಅಪಾಯ ಇದ್ದೇ ಇದೆ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಮದ್ದುಗುಂಡು ಹೇರಿದ್ದ ಹಡಗು ಸಿಡಿದಾಗ ಬೆಂಕಿಯನ್ನಾರಿಸಲು ಹೋದ 66 ಮಂದಿ ಪ್ರಾಣಬಿಟ್ಟರು. ಆ ದಿನವನ್ನೇ ನಮ್ಮ ದೇಶದಲ್ಲಿ ವರ್ಷವರ್ಷವೂ ಅಗ್ನಿಶಾಮಕ ದಿನವೆಂದು ಆಚರಿಸುತ್ತಾರೆ. 2012ರ ಜನವರಿಯಲ್ಲಿ ಚೆನ್ನೈ ನಗರದ ಚೇಪಾಕದಲ್ಲಿರುವ ಕಲಸ್ ಮಹಲ್ ಎಂಬ ಹಳೆಯ ಅರಮನೆಗೆ ಬೆಂಕಿ ಬಿದ್ದಿತು. ಒಳಗೆ ಹೋದವರಲ್ಲಿ ತಮಿಳುನಾಡು ಅಗ್ನಿಶಾಮಕ ಸೇವೆಯ ಅಧಿಕಾರಿ ಪ್ರಿಯಾ ರವಿಚಂದ್ರನ್ ಒಬ್ಬರು. ದಳದವರೊಬ್ಬರು ಅಲ್ಲಿ ಮಡಿದರು. ಪ್ರಿಯಾ ಅವರಿಗೆ ಮೈ ಸುಟ್ಟು ತೀವ್ರವಾದ ಗಾಯಗಳಾದುವು. ಅವರ ಧೈರ್ಯಕ್ಕೆ ಮುಂದೆ ಶೌರ್ಯಪದಕ ದೊರೆಯಿತು. ಕಣ್ಣಿಗೆ ಕಾಣುವ ಉರಿಯಲ್ಲದೆ ಕಾಣದ ವಿಷವೂ ಉಂಟು. ಬೆಂಕಿಯನ್ನಾರಿಸುವ ಉದ್ಯೋಗದಲ್ಲಿ ಮೈಗೆ ಸೋಕುವ ಹೊಗೆ ಮಸಿಗಳಿಂದ ಕ್ಯಾನ್ಸರ್ ಬರಬಲ್ಲುದೆಂದು ವಿಶ್ವಸಂಸ್ಥೆಯ ಆರೋಗ್ಯಾಂಗಕ್ಕೆ ಸೇರಿದ ಸಂಶೋಧನಾ ಸಂಸ್ಥೆಯು 2022ರಲ್ಲಿ ನಿರ್ಣಯಿಸಿದೆ.

ಹೀಗಿರುವಾಗ ಮಗಳನ್ನು ಕಳುಹಿಸಿ ಎಂದು ಹೇಗೆ ಹೇಳುವಿರೆಂದು ವಾಚಕರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಮಗನನ್ನು ಕಳುಹಿಸುವಾಗ ಯಾವ ಪ್ರಶ್ನೆಗಳನ್ನು ಕೇಳುವಿರೋ ಅವನ್ನೇ ಕೇಳಿ. ಉಸಿರಾಟದ ಉಪಕರಣ ಎಲ್ಲರಿಗೂ ಇದೆಯೇ? ಮಸಿ ಹಿಡಿದ ಅಂಗಿಯನ್ನು ಒಗೆಯುವ ಏರ್ಪಾಡು ಠಾಣೆಯಲ್ಲಿಯೇ ಇದೆಯೇ, ಮನೆಗೆ ತರಬೇಕೇ? ಗಾಯವಾದರೆ ಚಿಕಿತ್ಸೆ ಯಾರದು, ಮಡಿದರೆ ಕುಟುಂಬಕ್ಕೆ ಆಧಾರವೇನು? ಈ ಪ್ರಶ್ನೆಗಳು ಗಂಡುಮಕ್ಕಳ ತಂದೆತಾಯಿಗಳು ಎಂದೋ ಕೇಳಬೇಕಾಗಿದ್ದುವು. ಹೆಣ್ಣುಮಕ್ಕಳ ನೆಪದಿಂದಲಾದರೂ ಕೇಳಿದರೆ ಇಬ್ಬರಿಗೂ ಲಾಭ. ಅಪಾಯವು ಮಗನಿಗೆ ಭೂಷಣ, ಮಗಳಿಗೆ ಮಾತ್ರ ನಿಷಿದ್ಧ ಎಂಬ ನ್ಯಾಯವನ್ನು ನಾವು ಒಪ್ಪಲಾರೆವು. ಮನೆಯೊಳಗೇ ಇದ್ದ ಮಾತ್ರಕ್ಕೆ ಹೆಣ್ಣು ಬೆಂಕಿಯಿಂದ ದೂರವಿದ್ದಾಳೆಂದೂ ಅಲ್ಲ. ಸೆರಗಿಗೆ ಉರಿ ಹತ್ತಿ ಆಸ್ಪತ್ರೆ ಸೇರಿದವರ ಸುದ್ದಿಯನ್ನು ಕೇಳದ ಊರು ನಮ್ಮಲ್ಲಿ ಯಾವುದಿದೆ?

ಪದವಿಯೊಡನೆ ಹೊಣೆಯೂ ಬರುತ್ತದೆ. ಲಂಡನ್ ದಳಕ್ಕೆ 1988ರಲ್ಲಿ ಸೇರಿದ ಡ್ಯಾನಿ ಕಾಟನ್ 2017ರ ಜನವರಿಯಲ್ಲಿ ಆ ದಳದ ಮುಖ್ಯಾಧಿಕಾರಿಯಾದರು. ಆ ಪೀಠವನ್ನೇರಿದ ಮೊದಲ ಸ್ತ್ರೀ ಅವರು. ಆ ವರ್ಷದ ಜೂನ್ 14ರಂದು ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಬಿದ್ದು 72 ಮಂದಿ ಸತ್ತರು. ಅಂದಿನ ದಳದ ನಡೆವಳಿಕೆಯನ್ನು ವಿಚಾರಣೆಯ ವರದಿಯು ತೀವ್ರವಾಗಿ ಟೀಕಿಸಿತು. 2019ರ ಕೊನೆಯಲ್ಲಿ ಅವರು ಅಧಿಕಾರ ಬಿಟ್ಟರು. ಇದನ್ನು ಮುಚ್ಚಿಡಬೇಕಾಗಿಲ್ಲ. ಗಂಡು ಅಧಿಕಾರಿಗೆ ಬರುವ ಪ್ರಶಂಸೆಯೂ ನಿಂದೆಯೂ ಹೆಣ್ಣು ಅಧಿಕಾರಿಗೂ ಬರಲಿ. ಒಬ್ಬಳ ನಿಂದೆಯನ್ನು ಮಾತ್ರ ಎಲ್ಲ ಹೆಂಗಸರ ಲೆಕ್ಕಕ್ಕೆ ಬರೆಯುವುದು ಬೇಡ.

ಇನ್ನು ಮನೆಗೆ ಬರೋಣ. ಈ ಉದ್ಯೋಗದ ಮೊದಲ ಪಾಠಗಳನ್ನು ದಳಕ್ಕೆ ಸೇರದವರೂ ಕಲಿಯಬಹುದು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಅದಕ್ಕೆ ನೀರು ಹೊಯ್ಯಬಾರದು. ನೀರು ಎಣ್ಣೆಯ ಅಡಿಗೆ ಇಳಿದು, ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆಯನ್ನು ನಂದಿಸಿ, ಮುಚ್ಚಳವನ್ನು ಮೆಲ್ಲಗೆ ಜರುಗಿಸಿ ಮುಚ್ಚಿದರೆ ಗಾಳಿಯಿಲ್ಲದೆ ಉರಿ ತಾನೇ ಅಡಗುವುದು. ಗ್ಯಾಸಿನ ವಾಸನೆ ಬಂದರೆ ವಿದ್ಯುದ್ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು. ಈ ಅನಿಲವು ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಡುವುದು. ಆದ್ದರಿಂದ ಸಿಲಿಂಡರಿನ ಕೀಲಿಯನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬರಬೇಕು. ಉಟ್ಟ ಬಟ್ಟೆಗೆ ಉರಿ ಹತ್ತಿದರೆ ಓಡಕೂಡದು. ನಿಂತಲ್ಲಿಯೇ ಮಲಗಿ ಹೊರಳಬೇಕು, ಹತ್ತಿರವಿದ್ದವರು ದಪ್ಪ ಕಂಬಳಿಯನ್ನು ಹೊದಿಸಬೇಕು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕೇ ಹೊರತು ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟು ಇವುಗಳನ್ನು ಹಚ್ಚಬಾರದು. ಹೊಗೆ ತುಂಬಿದ ಕೋಣೆಯಲ್ಲಿ ತಲೆಯೆತ್ತಿ ನಡೆಯದೆ ತೆವಳಿ ಬರಬೇಕು. ಕರೆಯಬೇಕಾದ ಸಂಖ್ಯೆ 101 ಅಥವಾ 112. ಇವನ್ನು ಓದಿ ಬಿಟ್ಟರೆ ಸಾಲದು; ಗರ್ಟನ್ನಿನ ವಿದ್ಯಾರ್ಥಿನಿಯರಂತೆ ಮನೆಮಂದಿಯೆಲ್ಲ ಒಂದು ಭಾನುವಾರ ಅಭ್ಯಾಸಮಾಡಿ ನೋಡಬೇಕು. ಉರಿ ಎದ್ದಾಗ ನೆನಪಿಗೆ ಬರುವುದು ಕೈ ಕಲಿತದ್ದೇ.

ಕೊನೆಗೆ, ಅರ್ಜಿಯನ್ನು ಹಿಡಿದು ನಿಂತ ಮಗಳ ವಿಷಯ. ಅವಳಿಗೆ ಆಸೆಯಿದ್ದರೆ ತಂದೆತಾಯಿಗಳು ಕೂಡಲೆ ಹೌದೆನ್ನಬೇಕಾಗಿಲ್ಲ, ಕೂಡಲೆ ಅಲ್ಲವೆನ್ನುವುದೂ ಬೇಡ. ಮೊದಲು ಅವಳನ್ನು ಹತ್ತಿರದ ಠಾಣೆಗೆ ಕರೆದುಕೊಂಡು ಹೋಗಿ, ಅಧಿಕಾರಿಗಳ ಅನುಮತಿ ಪಡೆದು, ಅಲ್ಲಿಯ ಕವಾಯತನ್ನು ತೋರಿಸಿ. ಒಂದು ವರ್ಷ ಅವಳು ಬೆಳಗಿನ ಜಾವ ಎದ್ದು ಓಡಲಿ, ಭಾರ ಹೊತ್ತು ಮೆಟ್ಟಲು ಹತ್ತಲಿ, ಈಜು ಕಲಿಯಲಿ. ಅವಳಿಗೆ ಆ ಕೆಲಸದ ಶಕ್ತಿಯಿದೆಯೋ ಇಲ್ಲವೋ ಎಂಬುದು ಆ ವರ್ಷದೊಳಗೆ ಅವಳಿಗೇ ತಿಳಿಯುವುದು. ಶಕ್ತಿಯಿದ್ದು ಮನಸ್ಸೂ ನಿಂತರೆ, ಅವಳ ಅರ್ಜಿಯ ಮೇಲೆ ಅಂಚೆಯ ಚೀಟಿಯನ್ನು ತಂದೆಯೇ ಅಂಟಿಸಲಿ. ಸರಕಾರದವರೂ ನಗರಸಭೆಯವರೂ ಹೊಸ ಠಾಣೆಯ ನಕ್ಷೆ ಬರೆಯುವಾಗ ಅವಳಿಗೊಂದು ಕೋಣೆಯನ್ನು ಮರೆಯದೆ ಸೇರಿಸಲಿ. ಅವಳ ಪಾದದ ಅಳತೆಗೆ ಬೂಟನ್ನೂ ಹೊಲಿಸಿಡಲಿ.